ಖ್ಯಾತರ ಬೇರು, ಕೂಲಿಕಾರರ ಚರಿತ್ರೆ

ಹಾಲಿವುಡ್ ನಟಿ ಸುಸಾನ್ ಸರಾಂಡನ್ 2006ರಲ್ಲಿ ಹತ್ತು ಮಂದಿ ಬಂಧುಗಳನ್ನು ಕರೆದುಕೊಂಡು ವೇಲ್ಸ್‌ಗೆ ಬಂದರು. ಆಗ ಅವರ ಸಂಗಾತಿಯಾಗಿದ್ದ ನಟ ಟಿಮ್ ರಾಬಿನ್ಸ್, ಮಗ ಮೈಲ್ಸ್ ಕೂಡ ಆ ಗುಂಪಿನಲ್ಲಿದ್ದರು. ಸರಾಂಡನ್ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ. ತಾಯಿಯ ಕಡೆಯವರು ಇಟಲಿ ಮೂಲದವರು. ತಂದೆಯ ವಂಶದಲ್ಲಿ ಮಾತ್ರ ವೇಲ್ಸ್‌ನ ಒಂದು ಎಳೆ ಇತ್ತು. ಆ ಎಳೆಯನ್ನು ಹಿಡಿದು ಹೊರಟ ಅವರ ಪಯಣವನ್ನು ಬಿಬಿಸಿ ವೇಲ್ಸ್ ಚಿತ್ರೀಕರಿಸಿ ‘ಕಮಿಂಗ್ ಹೋಮ್’ ಎಂಬ ಹೆಸರಿನಲ್ಲಿ ಪ್ರಸಾರ ಮಾಡಿತು.

‘ಕಮಿಂಗ್ ಹೋಮ್’ ಸರಣಿಯ ಚೌಕಟ್ಟು ಸರಳ. ಒಂದು ಕಂತಿಗೆ ಒಬ್ಬ ಖ್ಯಾತ ವ್ಯಕ್ತಿ. ನಟರು, ಗಾಯಕರು, ಕ್ರೀಡಾಪಟುಗಳು, ರಾಜಕಾರಣಿಗಳು, ಹೀಗೆ ಯಾರೇ ಆಗಿರಲಿ, ಅವರಿಗೆ ವೇಲ್ಸ್‌ನ ನಂಟು ಇರಬೇಕು. ವಂಶಾವಳಿ ತಜ್ಞರು ಮೊದಲೇ ದಾಖಲೆಗಳನ್ನು ಜಾಲಾಡಿರುತ್ತಾರೆ. ಆಮೇಲೆ ಆ ವ್ಯಕ್ತಿಯನ್ನು ಪೂರ್ವಜರ ಊರಿಗೆ, ಅವರು ದುಡಿದ ಜಾಗಕ್ಕೆ ಕರೆದೊಯ್ಯುತ್ತಾರೆ. ಹತ್ತು ವರ್ಷ ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ಜಾನ್ ಪ್ರೆಸ್ಕಾಟ್ ಕೂಡ ಈ ಸರಣಿಯಲ್ಲಿ ಕಾಣಿಸಿಕೊಂಡರು. ಯಾರ್ಕ್‌ಷೈರ್ ಮತ್ತು ಹಲ್ ನಗರದ ಹೆಸರಿನೊಂದಿಗೇ ಜನ ಅವರನ್ನು ಗುರುತಿಸುತ್ತಿದ್ದರು. ಆದರೆ ಅವರು ಹುಟ್ಟಿದ್ದು 1938ರಲ್ಲಿ, ಉತ್ತರ ವೇಲ್ಸ್‌ನ ಕಡಲತೀರದ ಪ್ರೆಸ್ಟಾಟಿನ್‌ನಲ್ಲಿ. ತಂದೆ ರೈಲ್ವೆಯಲ್ಲಿ ಸಿಗ್ನಲ್‌ಮನ್, ತಾತ ಕಲ್ಲಿದ್ದಲ ಗಣಿಯ ಕಾರ್ಮಿಕ. ತಾನು ವೇಲ್ಸ್‌ನವನು ಎಂದು ಹೇಳಿಕೊಳ್ಳಲು ಪ್ರೆಸ್ಕಾಟ್ ಎಂದೂ ಹಿಂಜರಿದವರಲ್ಲ.

ಇಂಥ ಕಾರ್ಯಕ್ರಮ ವೇಲ್ಸ್‌ನಲ್ಲೇ ಮೊದಲು ಹುಟ್ಟಿತೆಂದಲ್ಲ. 1977ರಲ್ಲಿ ಅಲೆಕ್ಸ್ ಹೇಲಿ ಅವರ ‘ರೂಟ್ಸ್’ ಕೃತಿ ಅಮೆರಿಕದಲ್ಲಿ ಟಿ.ವಿ. ಸರಣಿಯಾದಾಗ ಬೇರು ಹುಡುಕುವ ಹಂಬಲ ಮನೆಮನೆಗೂ ಹಬ್ಬಿತ್ತು. 2004ರ ಅಕ್ಟೋಬರ್‌ನಲ್ಲಿ ಬಿಬಿಸಿ ಆರಂಭಿಸಿದ ‘ಹೂ ಡು ಯು ಥಿಂಕ್ ಯು ಆರ್?’ ಅದಕ್ಕೆ ಹೊಸ ರೂಪ ಕೊಟ್ಟಿತು. ಅದರ ಅಮೆರಿಕನ್ ಆವೃತ್ತಿ 2010ರಲ್ಲಿ ಬಂತು. ಬಿಬಿಸಿ ವೇಲ್ಸ್ ಈ ಮಾದರಿಯನ್ನು ತನ್ನ ಮಣ್ಣಿಗೆ ಒಗ್ಗಿಸಿಕೊಂಡಿತು. ಸುಮಾರು 31 ಲಕ್ಷ ಜನಸಂಖ್ಯೆಯ, ಪಕ್ಕದ ಇಂಗ್ಲೆಂಡಿನ ನೆರಳಿನಲ್ಲಿ ಶತಮಾನಗಳನ್ನು ಕಳೆದ ನಾಡಿಗೆ ಇದು ತನ್ನ ಚರಿತ್ರೆಯನ್ನು ತಾನೇ ಹೇಳಿಕೊಳ್ಳುವ ದಾರಿಯೂ ಆಯಿತು. ಪರದೆಯ ಮೇಲೆ ಕಾಣುವ ಮುಖ ಖ್ಯಾತರದು. ತೆರೆದುಕೊಳ್ಳುವ ಚರಿತ್ರೆ ಮಾತ್ರ ಗಣಿಗಾರರದು, ಆಳುಮಕ್ಕಳದು, ಮನೆಗೆಲಸದ ಹೆಂಗಸರದು. ಈ ಬಗೆಯ ಕಾರ್ಯಕ್ರಮಗಳ ನಿಜವಾದ ಸಾಧನೆ ಅದೇ ಎಂದು ನಾನು ನಂಬಿದ್ದೇನೆ.

ಬಾಯಿಪಾಠದ ವಂಶಾವಳಿ

ವೇಲ್ಸ್‌ನವರಿಗೆ ವಂಶಾವಳಿಯ ಹುಚ್ಚು ಟಿ.ವಿ.ಯಿಂದ ಅಂಟಿದ್ದಲ್ಲ. 12ನೇ ಶತಮಾನದ ಕೊನೆಗೆ ನಾಡನ್ನು ಸುತ್ತಿದ ಪಾದ್ರಿ ಜೆರಾಲ್ಡ್, ಇಲ್ಲಿ ತೀರಾ ಸಾಮಾನ್ಯರೂ ಆರೇಳು ತಲೆಮಾರಿನ ಹೆಸರುಗಳನ್ನು ನೆನಪಿನಿಂದಲೇ ಒಪ್ಪಿಸುತ್ತಾರೆ ಎಂದು ಅಚ್ಚರಿಪಟ್ಟು ಬರೆದಿದ್ದಾನೆ. ಅದಕ್ಕೆ ಗಟ್ಟಿಯಾದ ಕಾರಣವಿತ್ತು. 10ನೇ ಶತಮಾನದ ಅರಸ ಹವೆಲ್ ದಾ ಹೆಸರಿನಲ್ಲಿ ಉಳಿದುಬಂದ ಕಾನೂನುಗಳ ಪ್ರಕಾರ ಜಮೀನಿನ ಹಕ್ಕು ನಿರ್ಧಾರವಾಗುತ್ತಿದ್ದುದು ವಂಶದ ಮೇಲೆ. ಒಬ್ಬ ಕೊಲೆ ಮಾಡಿದರೆ ಅದರ ಪರಿಹಾರವನ್ನು ಅವನ ದಾಯಾದಿಗಳೆಲ್ಲ ಹಂಚಿಕೊಂಡು ಕಟ್ಟಬೇಕಿತ್ತು. ಅಜ್ಜನ ಅಜ್ಜ ಯಾರೆಂದು ತಿಳಿಯದವನಿಗೆ ಹೊಲವೂ ಇಲ್ಲ, ರಕ್ಷಣೆಯೂ ಇಲ್ಲ.

ಈ ನೆನಪನ್ನು ಕಾಪಾಡಿದವರು ಕವಿಗಳು. ವಂಶದ ಹೆಸರುಗಳನ್ನು ಬಲ್ಲವನಾಗಿರುವುದು ಅಲ್ಲಿನ ಆಸ್ಥಾನ ಕವಿಯ ಕಸುಬಿನ ಭಾಗವೇ ಆಗಿತ್ತು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ಕಾಲಕ್ಕೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ಹಾಡಿಹೊಗಳಿ ಕಾಳುಕಡಿ ಪಡೆಯುವ ಹೆಳವರನ್ನು ಬಲ್ಲವರಿಗೆ ಈ ಕವಿಗಳ ಕಸುಬನ್ನು ವಿವರಿಸಿ ಹೇಳಬೇಕಾಗಿಲ್ಲ.

1536 ಮತ್ತು 1542ರ ಶಾಸನಗಳು ವೇಲ್ಸ್ ಅನ್ನು ಇಂಗ್ಲೆಂಡಿಗೆ ಸೇರಿಸಿದವು. ಹಳೆಯ ಕಾನೂನು ಹೋಯಿತು, ಕೋರ್ಟಿನ ಭಾಷೆ ಇಂಗ್ಲಿಷ್ ಆಯಿತು. ಜಮೀನಿಗೆ ವಂಶಾವಳಿ ಬೇಕಾಗಿಲ್ಲದ ಮೇಲೆ ಬಡವನ ಮನೆಯಲ್ಲಿ ಅದು ಮರೆಯಾಯಿತು. ಉಳ್ಳವರ ಮನೆಯಲ್ಲಿ ಅಂತಸ್ತಿನ ಗುರುತಾಗಿ ಉಳಿಯಿತು. 1586ರಲ್ಲಿ ಲೂಯಿಸ್ ಡುನ್ ಎಂಬ ಕವಿ ಅಧಿಕೃತ ನೇಮಕ ಪಡೆದು ನಾಡೆಲ್ಲ ತಿರುಗಿ ವಂಶಾವಳಿ ಬರೆದುಕೊಂಡ. ಅವನು ಬರೆದದ್ದು ಗಣ್ಯ ಮನೆತನಗಳ ವಂಶಾವಳಿ. 20ನೇ ಶತಮಾನದಲ್ಲಿ, ವೃತ್ತಿಯಿಂದ ಹವಾಮಾನ ತಜ್ಞರಾಗಿದ್ದ ಪೀಟರ್ ಬಾರ್ಟ್ರಮ್ ಇಂಥ ಹಸ್ತಪ್ರತಿಗಳನ್ನೆಲ್ಲ ಒಟ್ಟುಗೂಡಿಸಿ ಕ್ರಿ.ಶ. 300ರಿಂದ 1500ರವರೆಗಿನ ವೇಲ್ಸ್ ವಂಶಾವಳಿಗಳನ್ನು 1974 ಮತ್ತು 1983ರಲ್ಲಿ ಸಂಪುಟಗಳಾಗಿ ತಂದರು. ಅದೊಂದು ಜೀವಮಾನದ ತಪಸ್ಸು. ಆದರೆ ಆ ಸಂಪುಟಗಳಲ್ಲಿ ಉಳುವವನನ್ನು ಹುಡುಕಿದರೆ ಸಿಗುವುದು ಕಷ್ಟ.

ಜೋನ್ಸ್‌ಗಳ ಕಾಡು

ವೇಲ್ಸ್‌ನಲ್ಲಿ ಬೇರು ಹುಡುಕುವವರಿಗೆ ಮೊದಲು ಎದುರಾಗುವ ತೊಡಕು ಹೆಸರು. ಹಳೆಯ ಪದ್ಧತಿಯಲ್ಲಿ ಅಡ್ಡಹೆಸರು ಇರಲಿಲ್ಲ. ಮಗನ ಹೆಸರಿನ ಮುಂದೆ ‘ಆಪ್’ ಅಥವಾ ‘ಆಬ್’, ಮಗಳ ಹೆಸರಿನ ಮುಂದೆ ‘ವೆರ್ಖ್’, ಅದರ ಮುಂದೆ ತಂದೆಯ ಹೆಸರು. ಪ್ರತಿ ತಲೆಮಾರಿಗೂ ಕೊನೆಯ ಹೆಸರು ಬದಲಾಗುತ್ತಿತ್ತು. ಇಂಗ್ಲಿಷ್ ಆಡಳಿತಕ್ಕೆ ಸ್ಥಿರವಾದ ಅಡ್ಡಹೆಸರು ಬೇಕಾದಾಗ ‘ಆಪ್ ರೀಸ್’ ಪ್ರೈಸ್ ಆಯಿತು, ‘ಆಪ್ ಹವೆಲ್’ ಪೊವೆಲ್ ಆಯಿತು, ‘ಆಪ್ ಹ್ಯಾರಿ’ ಪ್ಯಾರಿ, ‘ಆಬ್ ಓವೆನ್’ ಬೊವೆನ್, ‘ಆಬ್ ಇವಾನ್’ ಬೆವನ್ ಆದವು. ಉಳ್ಳವರು ಈ ಪದ್ಧತಿಗೆ ಬೇಗ ಬದಲಾದರು. ಹಳ್ಳಿಗಾಡಿನ ಬಡವರು 18ನೇ ಶತಮಾನ ದಾಟಿದರೂ ಹಳೆಯ ರೂಢಿಯಲ್ಲೇ ಇದ್ದರು.

ಭಾರತೀಯರಿಗೆ ಪರಿಚಿತವಾದ ಒಂದು ಹೆಸರಿನಲ್ಲೇ ಇದನ್ನು ಕಾಣಬಹುದು. 1784ರಲ್ಲಿ ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿ ಸ್ಥಾಪಿಸಿದ, ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸ್ ಲಂಡನ್ನಿನಲ್ಲಿ ಹುಟ್ಟಿದವರು. ಅವರ ತಂದೆ ವಿಲಿಯಂ ಜೋನ್ಸ್ ಗಣಿತಜ್ಞ. ವೃತ್ತದ ಪರಿಧಿ ಮತ್ತು ವ್ಯಾಸದ ಅನುಪಾತಕ್ಕೆ 1706ರಲ್ಲಿ ಪೈ ಚಿಹ್ನೆಯನ್ನು ಬಳಸಿದವರು. ಅವರು ಹುಟ್ಟಿದ್ದು ವೇಲ್ಸ್‌ನ ಆಂಗಲ್ಸಿ ದ್ವೀಪದ ಒಂದು ಸಣ್ಣ ಹಳ್ಳಿಯಲ್ಲಿ, ಬಡ ರೈತಾಪಿ ಮನೆಯಲ್ಲಿ. ಅವರ ತಂದೆಯ ಹೆಸರು ಶಾನ್ ಶೋರ್, ಅಂದರೆ ಜಾರ್ಜನ ಮಗ ಜಾನ್. ಜಾನ್‌ನ ಮಗನಾದ್ದರಿಂದ ವಿಲಿಯಂ ‘ಜೋನ್ಸ್’ ಆದರು. ಲಂಡನ್ನಿನಲ್ಲಿ ಹುಟ್ಟಿದ ಮೊಮ್ಮಗನಿಗೆ ಅದೇ ಕಾಯಂ ಅಡ್ಡಹೆಸರಾಯಿತು. ಜೋನ್ಸ್ ಎಂದು ಹುಡುಕುತ್ತ ಹೋದವನಿಗೆ ಮೂರನೆಯ ತಲೆಮಾರಿಗೇ ದಾರಿ ಮುಚ್ಚುತ್ತದೆ.

ಇನ್ನೂ ಒಂದು ಕಷ್ಟವಿದೆ. ಬಳಕೆಯಲ್ಲಿದ್ದ ಹೆಸರುಗಳೇ ಕೆಲವು. ಹಾಗಾಗಿ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್, ಥಾಮಸ್ ಈ ಐದಾರು ಅಡ್ಡಹೆಸರುಗಳಲ್ಲೇ ಅರ್ಧ ಊರು ಮುಗಿಯುತ್ತಿತ್ತು. ಒಂದೇ ಹಳ್ಳಿಯಲ್ಲಿ ಹತ್ತಾರು ಡೇವಿಡ್ ಜೋನ್ಸ್‌ಗಳು. ಊರಿನವರು ಅವರನ್ನು ಕಸುಬಿನಿಂದಲೋ ಮನೆಯ ಹೆಸರಿನಿಂದಲೋ ಬೇರ್ಪಡಿಸುತ್ತಿದ್ದರು. ಆದ್ದರಿಂದಲೇ ಅಲ್ಲಿನ ವಂಶಾವಳಿ ತಜ್ಞರಿಗೆ ವ್ಯಕ್ತಿಯ ಹೆಸರಿಗಿಂತ ಅವನಿದ್ದ ಹೊಲಮನೆಯ ಹೆಸರು ಮುಖ್ಯ. ಸಮಾಧಿಕಲ್ಲಿನ ಮೇಲೂ ಅದನ್ನು ಕೆತ್ತಿಸುವ ರೂಢಿ ಇದೆ. ಮದುವೆಯಾದ ಮೇಲೂ ಹೆಂಗಸರು ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ ಹಳೆಯ ಪದ್ಧತಿಯೂ ಹುಡುಕುವವರಿಗೆ ಎಷ್ಟೋ ಸಲ ದಾರಿ ತೋರುತ್ತದೆ.

ಕಾಗದ ಉಳಿಸಿದ ಜನ

ಬಡವನ ಹೆಸರು ಮತ್ತೆ ದಾಖಲೆ ಹತ್ತಿದ್ದು 19ನೇ ಶತಮಾನದಲ್ಲಿ. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾಯಿತು. 1841ರ ಜನಗಣತಿ ಮೊದಲ ಬಾರಿಗೆ ನಾಡಿನಾದ್ಯಂತ ಮನೆಯೊಳಗಿದ್ದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡಿತು. ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದದ್ದರಿಂದ ಅದು ಸ್ವಲ್ಪ ಮಸುಕು. 1851ರ ಗಣತಿಯಲ್ಲಿ ನಿಖರ ವಯಸ್ಸು, ಹುಟ್ಟಿದ ಊರು, ಮನೆಯ ಯಜಮಾನನಿಗೆ ಏನಾಗಬೇಕು ಎಂಬ ಸಂಬಂಧ ಎಲ್ಲವೂ ಇವೆ. ಯಾವ ಕವಿಯೂ ಹಾಡದ ದನಗಾಹಿ ಹುಡುಗನಿಗೂ ಹಾಲು ಕರೆಯುವ ಹೆಂಗಸಿಗೂ ಅಲ್ಲಿ ಒಂದೊಂದು ಸಾಲು ಸಿಕ್ಕಿತು.

ಇವುಗಳ ಆಚೆಗೆ ವೇಲ್ಸ್‌ನದೇ ಆದ ದಾಖಲೆಗಳಿವೆ. 19ನೇ ಶತಮಾನದ ವೇಲ್ಸ್‌ನಲ್ಲಿ ಬಹುಪಾಲು ಜನ ಆಂಗ್ಲಿಕನ್ ಚರ್ಚ್ ಬಿಟ್ಟು ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದ ಪಂಥಗಳ ಚಾಪೆಲ್‌ಗಳಿಗೆ ಹೋಗುತ್ತಿದ್ದರು. ಆ ಪಂಥಗಳ ದೀಕ್ಷಾಸ್ನಾನದ ಪುಸ್ತಕಗಳೂ ವೇಲ್ಸ್ ಭಾಷೆಯ ಪತ್ರಿಕೆಗಳ ಮರಣವಾರ್ತೆಗಳೂ ಸಾಮಾನ್ಯರ ಬದುಕಿನ ವಿವರಗಳಿಂದ ತುಂಬಿವೆ. 1907ರಲ್ಲಿ ಸ್ಥಾಪನೆಯಾದ ಅಬೆರಿಸ್ಟ್ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳ 11 ಲಕ್ಷ ಪುಟಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. 1858ಕ್ಕೂ ಹಿಂದಿನ ಉಯಿಲುಗಳು, 19ನೇ ಶತಮಾನದ ಹಳ್ಳಿಹಳ್ಳಿಯ ಜಮೀನು ನಕ್ಷೆಗಳು ಕೂಡ ಅಲ್ಲಿ ಕಾಸು ಕೊಡದೆ ನೋಡಲು ಸಿಗುತ್ತವೆ. ತಾರೆಗಾಗಿ ಟಿ.ವಿ. ತಂಡ ತೆರೆಯುವ ಈ ಕಡತಗಳನ್ನು ಶಾಲಾ ಹುಡುಗಿಯೂ ಮನೆಯಲ್ಲಿ ಕೂತು ತೆರೆಯಬಲ್ಲಳು. ಸಾರ್ವಜನಿಕ ಹಣದಲ್ಲಿ ಒಂದು ನಾಡು ತನ್ನ ಜನಕ್ಕೆ ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು.

1891ರ ಜನಗಣತಿಯಲ್ಲಿ ವೇಲ್ಸ್‌ನ ಜನರಿಗೆ ಒಂದು ಹೊಸ ಪ್ರಶ್ನೆ ಇತ್ತು: ನೀವು ಆಡುವುದು ವೇಲ್ಸ್ ಭಾಷೆಯೋ, ಇಂಗ್ಲಿಷೋ, ಎರಡೂ ಭಾಷೆಗಳೋ? ಒಂದೇ ಮನೆಯ ಮೂರು ತಲೆಮಾರುಗಳ ಉತ್ತರವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಭಾಷೆ ಹೇಗೆ ಕೈಜಾರುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. 1911ರಲ್ಲಿ ಶೇ 43.5ರಷ್ಟು ಜನ ವೇಲ್ಸ್ ಭಾಷೆ ಬಲ್ಲವರಾಗಿದ್ದರು. 2021ರಲ್ಲಿ ಆ ಪ್ರಮಾಣ ಶೇ 17.8. ಪೂರ್ವಜರ ಮನೆಮಾತನ್ನು ತಾನು ಆಡಲಾರೆ ಎಂದು ಅರಿವಾಗುವುದು ಬೇರು ಹುಡುಕಿ ಬಂದವರಿಗೆ ಆಗುವ ದೊಡ್ಡ ನಷ್ಟದ ಅರಿವು.

ಕಲ್ಲಿದ್ದಲ ಕಣಿವೆಯ ದಾರಿಗಳು

ದಕ್ಷಿಣ ವೇಲ್ಸ್‌ನ ಎಷ್ಟೋ ವಂಶವೃಕ್ಷಗಳು ಬಂದು ಸೇರುವುದು ಕಲ್ಲಿದ್ದಲ ಗಣಿಗೆ. ರೊಂದಾ ಕಣಿವೆಯಲ್ಲಿ 1851ರಲ್ಲಿ ಕುರಿ ಮೇಯಿಸುವ ಕೆಲವೇ ಕುಟುಂಬಗಳಿದ್ದವು, ಜನಸಂಖ್ಯೆ ಸಾವಿರವೂ ಇರಲಿಲ್ಲ. 1911ರ ಹೊತ್ತಿಗೆ ಅಲ್ಲಿ ಒಂದೂವರೆ ಲಕ್ಷ ಜನ. ಪಶ್ಚಿಮದ ಬಡ ಹೊಲಮನೆಗಳಿಂದ, ಇಂಗ್ಲೆಂಡಿನ ಸಾಮರ್ಸೆಟ್, ಡೆವನ್‌ಗಳಿಂದ, ಐರ್ಲೆಂಡಿನಿಂದ ಜನ ಬಂದರು. 1913ರಲ್ಲಿ ದಕ್ಷಿಣ ವೇಲ್ಸ್‌ನ ಗಣಿಗಳು ಸುಮಾರು 5.7 ಕೋಟಿ ಟನ್ ಕಲ್ಲಿದ್ದಲು ತೆಗೆದವು. ಅದೇ ವರ್ಷ ಅಕ್ಟೋಬರ್ 14ರಂದು ಸೆಂಗೆನಿದ್ ಗಣಿಯ ಸ್ಫೋಟದಲ್ಲಿ 439 ಕಾರ್ಮಿಕರೂ ರಕ್ಷಣೆಗೆ ಇಳಿದ ಒಬ್ಬರೂ ಸತ್ತರು. ಬ್ರಿಟನ್ನಿನ ಗಣಿ ಇತಿಹಾಸದಲ್ಲೇ ಅದು ಅತಿ ದೊಡ್ಡ ದುರಂತ. ಇಂಥ ಕಣಿವೆಗಳಲ್ಲಿ ಒಂದು ಮನೆತನದ ಬೇರು ಹುಡುಕಲು ಹೊರಟರೆ ಮರಣ ವಿಚಾರಣೆಯ ವರದಿ ಒಂದಲ್ಲ ಒಂದು ಕಡೆ ಎದುರಾಗುತ್ತದೆ.

ನಟಿ ಹಾಗೂ ಲೇಖಕಿ ರುತ್ ಜೋನ್ಸ್ 2020ರಲ್ಲಿ ‘ಹೂ ಡು ಯು ಥಿಂಕ್ ಯು ಆರ್?’ ಸರಣಿಯಲ್ಲಿ ತಮ್ಮ ತಂದೆಯ ತಂದೆಯ ಜಾಡು ಹಿಡಿದರು. ಆ ತಾತ ದಕ್ಷಿಣ ವೇಲ್ಸ್‌ನ ವೈದ್ಯಕೀಯ ನೆರವು ಸಂಘಗಳಲ್ಲಿ ದುಡಿದವರು. ಗಣಿ ಮತ್ತು ಉಕ್ಕಿನ ಕಾರ್ಮಿಕರು ತಮ್ಮ ಕೂಲಿಯಲ್ಲಿ ಪ್ರತಿ ವಾರ ಕೆಲವು ಪೆನ್ಸ್ ತೆಗೆದಿಟ್ಟು, ಡಾಕ್ಟರನ್ನು ನೇಮಿಸಿಕೊಂಡು, ಇಡೀ ಕುಟುಂಬಕ್ಕೆ ಚಿಕಿತ್ಸೆ ಸಿಗುವಂತೆ ಮಾಡಿದ ಸಂಘಗಳು ಅವು. ಟ್ರೆಡೀಗರ್ ಊರಿನ ಇಂಥ ಸಂಘವನ್ನು ಹತ್ತಿರದಿಂದ ಕಂಡು ಬೆಳೆದ ಗಣಿ ಕಾರ್ಮಿಕ ಅನೈರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಸಚಿವರಾದರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದರು. ಒಬ್ಬ ನಟಿಯ ತಾತನ ಕಥೆ ಇಡೀ ದೇಶಕ್ಕೆ ಉಚಿತ ಚಿಕಿತ್ಸೆ ಬಂದ ಕಥೆಯೊಳಗೆ ಸೇರಿಕೊಂಡಿತು. ಪಠ್ಯಪುಸ್ತಕದಲ್ಲಿ ಬೆವನ್ ಇರುತ್ತಾರೆ. ಅವರ ಹಿಂದೆ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದವರನ್ನು ಕಾಣಿಸಿದ್ದು ಈ ಕಾರ್ಯಕ್ರಮ.

ಬೇರು ಎಂದರೆ ಶುದ್ಧ ರಕ್ತ ಎಂದು ನಂಬುವವರು ಕಾರ್ಡಿಫ್‌ನ ಓಟಗಾರ ಕಾಲಿನ್ ಜಾಕ್ಸನ್ ಅವರ ಕಂತನ್ನು ನೋಡಬೇಕು. 1993ರಲ್ಲಿ 110 ಮೀಟರ್ ಹರ್ಡಲ್ಸ್‌ನಲ್ಲಿ ವಿಶ್ವದಾಖಲೆ ಬರೆದ ಜಾಕ್ಸನ್ ವೇಲ್ಸ್‌ನ ಹೆಮ್ಮೆ. ಅವರ ತಂದೆ ಜಮೈಕಾದವರು, ತಾಯಿ ಹುಟ್ಟಿದ್ದು ಪನಾಮಾದಲ್ಲಿ. ಅವರ ವಂಶದ ಎಳೆಗಳು ಆಫ್ರಿಕಾ, ಯುರೋಪ್, ಕೆರಿಬಿಯನ್ ಮೂಲನಿವಾಸಿಗಳವರೆಗೆ ಹರಡಿಕೊಂಡವು. ಹಾಗೆಯೇ ವೇಲ್ಸ್‌ನ ಬೇರುಗಳು ಹೊರಗೆ ಚಾಚಿದ್ದೂ ಉಂಟು. 1865ರಲ್ಲಿ ‘ಮಿಮೋಸಾ’ ಹಡಗಿನಲ್ಲಿ ಹೊರಟ ಸುಮಾರು 150 ಮಂದಿ ತಮ್ಮ ಭಾಷೆ ಉಳಿಸಿಕೊಳ್ಳಲೆಂದೇ ಅರ್ಜೆಂಟೀನಾದ ಪೆಟಗೋನಿಯಾದಲ್ಲಿ ನೆಲೆ ನಿಂತರು. ಅಲ್ಲಿ ಇಂದಿಗೂ ವೇಲ್ಸ್ ಭಾಷೆ ಕಿವಿಗೆ ಬೀಳುತ್ತದೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಟ್ಟಿಕೊಂಡ ಮನೆಗೆ ವೇಲ್ಸ್‌ನ ಪ್ರಾಚೀನ ಕವಿ ಟಾಲಿಯೆಸಿನ್ ಹೆಸರಿಟ್ಟರು. ಅವರ ತಾಯಿ ವೇಲ್ಸ್‌ನಿಂದ ವಲಸೆ ಹೋದ ಕುಟುಂಬದವರು. ಗಾಯಕಿ ಕೈಲಿ ಮಿನೋಗ್ ಅವರ ತಾಯಿ ಹುಟ್ಟಿದ್ದು ಮೈಸ್ಟೆಗ್ ಎಂಬ ಗಣಿ ಊರಿನಲ್ಲಿ.

ಬಚ್ಚಿಟ್ಟವರೂ ಇದ್ದರು

ಇಂದಿನ ಖ್ಯಾತರು ಬೇರು ಹುಡುಕುತ್ತ ವೇಲ್ಸ್‌ಗೆ ಬರುತ್ತಾರೆ. 19ನೇ ಶತಮಾನದ ಒಬ್ಬ ಖ್ಯಾತ ತನ್ನ ವೇಲ್ಸ್ ಬೇರನ್ನು ಬಚ್ಚಿಟ್ಟ. ಆಫ್ರಿಕಾದಲ್ಲಿ ಲಿವಿಂಗ್‌ಸ್ಟನ್‌ನನ್ನು ಪತ್ತೆ ಮಾಡಿ ಹೆಸರಾದ ಹೆನ್ರಿ ಮಾರ್ಟನ್ ಸ್ಟಾನ್ಲಿ ತಾನು ಅಮೆರಿಕದವನೆಂದು ಹೇಳಿಕೊಳ್ಳುತ್ತಿದ್ದ. ನಿಜದಲ್ಲಿ ಅವನು 1841ರಲ್ಲಿ ಉತ್ತರ ವೇಲ್ಸ್‌ನ ಡೆನ್‌ಬಿಯಲ್ಲಿ ಹುಟ್ಟಿದ ಜಾನ್ ರೋಲಂಡ್ಸ್. ಅವಿವಾಹಿತ ತಾಯಿಯ ಮಗ. ಸೇಂಟ್ ಆಸಫ್‌ನ ಬಡವರ ದುಡಿಮನೆಯಲ್ಲಿ ಬೆಳೆದವನು. ಚರ್ಚಿನ ಪುಸ್ತಕ ಅವನ ಹೆಸರಿನ ಪಕ್ಕದಲ್ಲೇ ಅವನು ಅಕ್ರಮ ಸಂತಾನ ಎಂದು ಬರೆದಿತ್ತು. ಕಾಂಗೋದಲ್ಲಿ ಬೆಲ್ಜಿಯಂ ಅರಸ ಲಿಯೋಪೋಲ್ಡ್‌ನ ಪರವಾಗಿ ಅವನು ಮಾಡಿದ ಕೆಲಸಕ್ಕೆ ಕ್ಷಮೆಯಿಲ್ಲ. ಆದರೆ ಮಗುವಿನ ಹಣೆಗೆ ಅಂಥ ಮಾತನ್ನು ಮೆತ್ತಿದ ಸಮಾಜಕ್ಕೂ ಕ್ಷಮೆಯಿಲ್ಲ.

ಇಂಥ ಸಂಗತಿಗಳನ್ನು ಮನೆಯವರು ತಲೆಮಾರುಗಟ್ಟಲೆ ಮುಚ್ಚಿಟ್ಟಿರುತ್ತಾರೆ. ಮದುವೆಗೆ ಮುಂಚಿನ ಬಸಿರು, ಜೈಲು, ಹುಚ್ಚಾಸ್ಪತ್ರೆ, ದುಡಿಮನೆಯ ಸಾವು. ಕ್ಯಾಮೆರಾದ ಮುಂದೆ ಅವನ್ನು ಓದುವ ತಾರೆ ಅತ್ತಾಗ ನೋಡುಗರು ಬರೀ ರಂಜನೆಗಾಗಿ ನೋಡುತ್ತಾರೆಂದು ನಾನು ಒಪ್ಪುವುದಿಲ್ಲ. 2006ರಲ್ಲಿ ‘ಹೂ ಡು ಯು ಥಿಂಕ್ ಯು ಆರ್?’ ಸರಣಿಯಲ್ಲಿ, ನಿಷ್ಠುರ ಸಂದರ್ಶಕನೆಂದೇ ಹೆಸರಾದ ಜೆರೆಮಿ ಪ್ಯಾಕ್ಸ್‌ಮನ್ ತಮ್ಮ ಮುತ್ತಜ್ಜಿಯ ಬಡತನದ ದಾಖಲೆ ಓದಿ ಕಣ್ಣೀರಿಟ್ಟರು. ನಾಚಿಕೆಪಡಬೇಕಾದದ್ದು ಆ ಹೆಂಗಸಲ್ಲ, ಅವಳನ್ನು ಹಾಗೆ ನಡೆಸಿಕೊಂಡ ವ್ಯವಸ್ಥೆ ಎಂದು ಆಗ ಮನೆಮನೆಯ ನೋಡುಗರಿಗೂ ತಟ್ಟುತ್ತದೆ.

ಟಿ.ವಿ.ಗೆ ಮಿತಿಯೂ ಇದೆ. ಅದಕ್ಕೆ ತಿರುವು ಬೇಕು, ರಹಸ್ಯ ಬೇಕು. ಹೆಸರಾಂತ ಸಂದರ್ಶಕ ಮೈಕೆಲ್ ಪಾರ್ಕಿನ್‌ಸನ್ ಅವರ ವಂಶವನ್ನು ಸಂಶೋಧಿಸಿದ ತಂಡ, ಹೇಳುವಂಥದ್ದೇನೂ ಇಲ್ಲವೆಂದು ಕೆಲಸವನ್ನೇ ಕೈಬಿಟ್ಟಿತ್ತು. ಈ ಸಂಗತಿಯನ್ನು ಅವರೇ ಹೇಳಿಕೊಂಡಿದ್ದರು. ಅವರದು ಯಾರ್ಕ್‌ಷೈರಿನ ಗಣಿ ಕಾರ್ಮಿಕರ ಮನೆತನ. ಬೆಳಿಗ್ಗೆ ಎದ್ದು ಗಣಿಗಿಳಿದು, ಸಂಜೆ ಬಂದು, ಮಕ್ಕಳನ್ನು ಸಾಕಿ ಸತ್ತವರ ಬದುಕು ಒಂದು ಗಂಟೆಯ ಕಾರ್ಯಕ್ರಮಕ್ಕೆ ಸಾಲದು ಎಂದು ತೀರ್ಮಾನಿಸಿದ್ದು ತಪ್ಪು. ನಾಡನ್ನು ಕಟ್ಟಿದ್ದು ಅಂಥ ಬದುಕುಗಳೇ. ಅರಸನ ಕೊನೆಯ ಕುಡಿ ಸಿಕ್ಕಾಗ ತಾಳುವ ಹೊತ್ತಿಗಿಂತ ಹೆಚ್ಚು ಹೊತ್ತು ಕ್ಯಾಮೆರಾ ಈ ಮನೆಗಳಲ್ಲಿ ತಾಳಬೇಕು.

ಈ ಕೊರತೆ ಇದ್ದರೂ, ‘ಕಮಿಂಗ್ ಹೋಮ್’ ಮತ್ತು ಅದರ ಬಳಗದ ಕಾರ್ಯಕ್ರಮಗಳು ಒಂದು ದೊಡ್ಡ ಕೆಲಸ ಮಾಡಿವೆ. ಜಮೀನಿಗಾಗಿ ಎಲ್ಲರೂ ಬಾಯಿಪಾಠ ಮಾಡಿದ್ದ ವಂಶಾವಳಿ ನಡುವೆ ಒಡೆಯರ ಸೊತ್ತಾಗಿತ್ತು. ಜನಗಣತಿ, ಚಾಪೆಲ್, ಗ್ರಂಥಾಲಯಗಳು ಅದನ್ನು ಕಾಗದದಲ್ಲಿ ಆಳುಗಳಿಗೂ ದಕ್ಕಿಸಿದವು. ಆ ಕಾಗದವನ್ನು ಮನೆಯ ಹಜಾರಕ್ಕೆ ತಂದದ್ದು ಟಿ.ವಿ. ವಂಶದ ಹೆಮ್ಮೆ ಜಾತಿಯ, ಒಡೆತನದ ಹೆಮ್ಮೆಯಾದರೆ ಅದರಿಂದ ಕೇಡೇ ಹೆಚ್ಚು. ದುಡಿದವರ ಋಣದ ಅರಿವಾದರೆ ಅದು ಮನುಷ್ಯನನ್ನು ಸ್ವಲ್ಪ ತಗ್ಗಿಸುತ್ತದೆ, ಸ್ವಲ್ಪ ದೊಡ್ಡವನನ್ನಾಗಿಸುತ್ತದೆ.

ವಂಶ ಹುಡುಕುವವರು ಎಲ್ಲೆಡೆ ಹೇಳುವ ಮೊದಲ ಪಾಠ ಒಂದೇ: ದಾಖಲೆಗಿಂತ ಮುಂಚೆ ಬದುಕಿರುವ ಹಿರಿಯರನ್ನು ಕೇಳಿ. ಈ ಲೇಖನ ಓದುತ್ತಿರುವವರ ಮನೆಯಲ್ಲಿ ಅಜ್ಜಿಯೋ ದೊಡ್ಡಪ್ಪನೋ ಸೋದರತ್ತೆಯೋ ಇದ್ದರೆ ಅವರ ಪಕ್ಕ ಕುಳಿತು ಹೆಸರುಗಳನ್ನು ಬರೆದುಕೊಳ್ಳಿ. ಗಂಡಸರ ಹೆಸರಷ್ಟೇ ಅಲ್ಲ, ಮನೆಗೆ ಬಂದ ಹೆಣ್ಣುಮಕ್ಕಳ ಹೆಸರು, ಅವರ ತವರೂರು, ಯಾರು ಯಾವ ಕೆಲಸ ಮಾಡಿದರು, ಯಾವ ಬರಗಾಲದಲ್ಲಿ ಯಾವ ಊರು ಬಿಟ್ಟರು ಎಂಬುದನ್ನೆಲ್ಲ ಬರೆಯಿರಿ; ತಾರೀಖು ಹಾಕಿ. ಕಾಗದ ಕಾಯುತ್ತದೆ, ಹಿರಿಯರ ನೆನಪು ಕಾಯುವುದಿಲ್ಲ.